ಸೀರೆಯ ಮರೆಯಲ್ಲಿ

ನಮ್ಮ ಮನೆ ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ನಡುವೆ. ಹಿಂದಿನ ಜಗಲಿಯಲ್ಲಿ ಅಮ್ಮ ತೆಂಗಿನಕಾಯಿ ತುರಿಯುತ್ತಾ ಕೂತರೆ ಮಡಿವಾಳ ಹಕ್ಕಿ ಹತ್ತಿರವೇ ಬಂದು ಬಾಲ ಎತ್ತಿ ನಿಲ್ಲುತ್ತದೆ. ಪಿಕಳಾರ ಬಟ್ಟೆ ಹಗ್ಗದ ಮೇಲೆ ಕೂತು ಹರಟುತ್ತದೆ. ನಾನು ಕ್ಯಾಮೆರಾ ಹಿಡಿದು ಹೊಸ್ತಿಲು ದಾಟಿದರೆ ಸಾಕು, ಅಂಗಳ ಖಾಲಿ.

ಅಡಗಿ ಕೂರಬೇಕು ಅಂತ ಗೊತ್ತಿದ್ದವರು ಹೇಳಿದರು. ತೆಂಗಿನ ಮಡಲು ಹೆಣೆದು ಒಂದು ಗೂಡು ಕಟ್ಟಿದೆ. ಮಡಲಿನ ಜೊತೆ ಕೆಂಪಿರುವೆಯೂ ಬಂದಿತ್ತು. ಮೂರೇ ನಿಮಿಷ. ನಾನು ಅಂಗಳದಲ್ಲಿ ಕುಣಿಯುವುದನ್ನು ನೋಡಿ ಹರಟೆಮಲ್ಲ ಹಕ್ಕಿಗಳ ಗುಂಪು ಕಿರುಚತೊಡಗಿತು. ಎಣಿಸಿದರೆ ಸರಿಯಾಗಿ ಏಳು. ಕಾಸರಗೋಡು ಸಪ್ತಭಾಷೆಗಳ ನಾಡು ಅಂತಾರಲ್ಲ, ಒಂದೊಂದು ಒಂದೊಂದು ಭಾಷೆಯಲ್ಲಿ ಬೈದ ಹಾಗಿತ್ತು.

ಮುಂದಿನದ್ದು ಸೀರೆ. ಅಮ್ಮನ ಕಪಾಟಿನಿಂದ ಹಳೆಯ ಹಸಿರು ಸೀರೆಯೊಂದನ್ನು ಎಳೆದೆ. ಹಳೆಯದು ಅಂತ ತೀರ್ಮಾನ ಮಾಡಿದ್ದು ನಾನೇ. ಜಗಲಿಯ ಮೂಲೆಗೆ ಕಟ್ಟಿ, ಲೆನ್ಸ್ ತೂರುವಷ್ಟು ಕತ್ತರಿ ಹಾಕಿದೆ. ಹಸಿರೇ ಯಾಕೆ ಅಂದರೆ, ಗಿಡಗಳ ಜೊತೆ ಸೇರಿಹೋಗಲಿ ಅಂತ. ಆಮೇಲೆ ತಿಳಿಯಿತು, ಬಣ್ಣ ಗುರುತಿಸುವ ಕೋಶ ನಮ್ಮ ಕಣ್ಣಲ್ಲಿ 3 ಬಗೆಯಾದರೆ ಹೆಚ್ಚಿನ ಹಕ್ಕಿಗಳಿಗೆ 4. ನಮಗೆ ಕಾಣದ ನೇರಳಾತೀತ ಬೆಳಕೂ ಅವಕ್ಕೆ ಕಾಣುತ್ತದೆ. ನಮ್ಮ ಹಸಿರು ಅವುಗಳ ಹಸಿರಲ್ಲ! ಬಣ್ಣಕ್ಕಿಂತ ಮುಖ್ಯ, ಒಳಗಿನವನು ಅಲುಗಾಡದೆ ಕೂರುವುದು. ಅದು ಸೊಳ್ಳೆಗೂ ಗೊತ್ತಿದೆ.

ಇಷ್ಟೆಲ್ಲ ನವರಂಗಕ್ಕಾಗಿ. ಚಳಿಗಾಲಕ್ಕೆ ಉತ್ತರದಿಂದ ಬರುವ ಹಕ್ಕಿ. ಮಲಯಾಳದಲ್ಲಿ ಕಾವಿ. ಬೆಳಗ್ಗೆ, ಸಂಜೆ ಆರರ ಹೊತ್ತಿಗೆ ಕೂಗುತ್ತದೆ ಅಂತ ತಮಿಳರು ಆರುಮಣಿ ಕುರುವಿ ಅಂತಲೇ ಹೆಸರಿಟ್ಟಿದ್ದಾರೆ. ಬಚ್ಚಲಿನ ಪಕ್ಕ ನಾನಿಟ್ಟ ಮಣ್ಣಿನ ಬೋಗುಣಿಗೆ ಸಂಜೆ ಸ್ನಾನಕ್ಕೆ ಬರುವುದನ್ನು ಅಮ್ಮ ದಿನಾ ನೋಡುತ್ತಿದ್ದಳು. ನಾನು ನೋಡಿರಲಿಲ್ಲ.

ಹಕ್ಕಿಗೆ ಲೆಕ್ಕ ಬರುವುದಿಲ್ಲ, ಇಬ್ಬರು ಒಳಗೆ ಹೋಗಿ ಒಬ್ಬ ಹೊರಗೆ ಬಂದರೆ ಜಾಗ ಖಾಲಿಯಾಯಿತು ಅಂದುಕೊಳ್ಳುತ್ತದೆ ಎನ್ನುವುದು ಹಳೆಯ ಉಪಾಯ. ಅಕ್ಕನ ಮಗನನ್ನು ಜೊತೆಗೆ ಕರೆದುಕೊಂಡು ಹೋಗಿ, ಅವನನ್ನು ವಾಪಸ್ ಕಳಿಸಿದೆ. ಹಕ್ಕಿ ನಂಬಿತೋ ಇಲ್ಲವೋ, ಅಮ್ಮ ನಂಬಿದಳು. ಯಾಕೆಂದರೆ ಸ್ವಲ್ಪ ಹೊತ್ತಿಗೆ ಕೆಳಗಿನ ಮನೆ ಚಿಕ್ಕಮ್ಮ ಬಂದು, "ಅವ ಎಲ್ಲಿ?" ಅಂದಾಗ, "ಪೇಟೆಗೆ ಹೋದ ಕಾಣ್ತದೆ" ಅಂದಳು.

ಇಬ್ಬರೂ ಸೀರೆಯಿಂದ ನಾಲ್ಕು ಮಾರು ಆಚೆ ಕೂತರು. ಎದ್ದು ಬರೋಣ ಅಂದರೆ ಅಷ್ಟರಲ್ಲಿ ಬೋಗುಣಿಯ ಅಂಚಿಗೆ ನವರಂಗ! ಹೆಂಗಸರ ಮಾತಿಗೆ ಅದು ಕಿವಿಯನ್ನೇ ಕೊಡಲಿಲ್ಲ. ಹಸಿರು ಬೆನ್ನು, ಕಣ್ಣಿಗೆ ಕಾಡಿಗೆ ತೀಡಿದ ಹಾಗೆ ಕಪ್ಪು ಪಟ್ಟಿ, ಹೊಟ್ಟೆಯ ಕೆಳಗೆ ಕುಂಕುಮ ಚೆಲ್ಲಿದ ಹಾಗೆ ಕೆಂಪು. ಮೋಟು ಬಾಲ ಕುಣಿಸಿ ನೀರಿಗಿಳಿಯಿತು.

"ಮೊನ್ನೆ ಅಂಗಳದಲ್ಲಿ ಒಬ್ಬನೇ ಕುಣಿತಿದ್ದನಂತೆ ಅಕ್ಕಾ, ಹೌದಾ?"

"ಇರುವೆ ಕಚ್ಚಿದ್ದು."

"ಎಂತ ಇರುವೆಯೋ! ಕೆಲಸ ಬಿಟ್ಟು ಹಕ್ಕಿ ಹಿಂದೆ ಹೋದ್ರೆ ಆಯ್ತಾ? ನಾನು ಹೇಳ್ತೇನೆ ನೋಡಿ, ಅವ ಇನ್ನು ಉದ್ಧಾರ ಆಗುದಿಲ್ಲ."

ಸರಿಯಾಗಿ ಆಗಲೇ ಹಕ್ಕಿ ರೆಕ್ಕೆ ಬಿಚ್ಚಿ ನೀರು ಕೊಡವಿತು. ನನ್ನ ಬೆರಳು ಕೇಳಲಿಲ್ಲ. ಚಕ್, ಚಕ್, ಚಕ್.

"ಕೇಳಿತಾ? ಹಲ್ಲಿ ಕೂಡ ಹೇಳಿತು!" ಚಿಕ್ಕಮ್ಮ ಮೂರು ಸಲ ನೆಲ ಕುಟ್ಟಿದರು. "ಕೃಷ್ಣ, ಕೃಷ್ಣ!"

ಅಮ್ಮ ನೆಲ ಕುಟ್ಟಲಿಲ್ಲ. ಹಲ್ಲಿ ಎಲ್ಲಿದೆ ಅಂತ ಮೂಲೆಯ ಕಡೆ ತಿರುಗಿದಳು.

"ಅಯ್ಯೋ, ಇದು ನನ್ನ ಸೀರೆ ಅಲ್ವಾ?"