ನನ್ನ ತಗಾದೆಯನ್ನು ನಾನೇ ಬಂದ್ ಮಾಡಿ ಬಂದೆ

ನಾನೂ ಗೆಳೆಯನೂ ಕಟ್ಟಿದ ಲೆಕ್ಕದ ತಂತ್ರಾಂಶದಲ್ಲಿ, ಕೊಡದೆ ಉಳಿದ ಬಾಕಿಯನ್ನು ಎಚ್ಚರಿಸುವ ಆ ಕೆಂಪು ಪಟ್ಟಿಯನ್ನು ಬರೆದವನು ನಾನೇ. ಇವತ್ತು ಮಧ್ಯಾಹ್ನ ಹನ್ನೆರಡೂ ಮುಕ್ಕಾಲಿಗೆ ಎಂಟು ಜನರ ಎದುರಿಗೆ ಅದನ್ನು ಅಳಿಸಿದವನೂ ನಾನೇ. ಮನೆಗೆ ಬಂದು ಊಟ ಮಾಡಿದೆ, ಮಲಗಲು ನೋಡಿದೆ, ಎದ್ದು ಎರಡು ಸಲ ನೀರು ಕುಡಿದೆ. ಮಿಲ್ಲಿನ ಲೆಕ್ಕ ಬರೆಯುವ ಮುನೀಮರ ಧ್ವನಿ ಮಾತ್ರ ಕಿವಿಯಿಂದ ಹೋಗುತ್ತಿಲ್ಲ. ಅದಕ್ಕಾಗಿ ಬರೆಯುತ್ತಿದ್ದೇನೆ. ಕಲಬುರಗಿಯ ಗಂಜಿನವರು, ಅಂದರೆ ಧಾನ್ಯದ ಮಾರುಕಟ್ಟೆಯವರು, ಯಾರಾದರೂ ಇದನ್ನು ಓದಿ, ಇದು ಯಾವ ದಾಲ್ ಮಿಲ್ಲೆಂದು ಗುರುತು ಹಿಡಿದರೆ ದಯವಿಟ್ಟು ಬಾಯಿ ಬಿಡಬೇಡಿ. ಬಿಟ್ಟರೆ ಕೆಡುವುದು ಅವರ ವ್ಯಾಪಾರವಲ್ಲ, ನನ್ನದು.

ಮೊತ್ತವೇನೂ ದೊಡ್ಡದಲ್ಲ. ತಂತ್ರಾಂಶದ ವರ್ಷದ ಶುಲ್ಕ 6,000 ರೂಪಾಯಿ, ಅದರ ಮೇಲೆ ಶೇಕಡಾ 18ರ ಜಿಎಸ್‌ಟಿ 1,080, ಒಟ್ಟು 7,080. ಸಂಕ್ರಾಂತಿ ಮುಗಿದೊಡನೆ, ಜನವರಿ 17ರಂದು, ಬಿಲ್ಲು ಕೊಟ್ಟೆ. ಹೊಸ ತೊಗರಿಯ ಆವಕ ಜೋರಾಗಿದ್ದ ದಿನಗಳವು. ನೆಹರು ಗಂಜಿನಲ್ಲಿ ಚೀಲಗಳ ನಡುವೆ ದಾರಿ ಹುಡುಕಿಕೊಂಡು ನಡೆಯಬೇಕಾಗಿತ್ತು. "ಪಕ್ಕಾ ಬಿಲ್ ಕೊಡು ತಮ್ಮಾ, ರೊಕ್ಕ ಎಲ್ಲಿಗಿ ಓಡಿ ಹೋಗ್ತಾವ" ಎಂದರು ಮಿಲ್ಲಿನ ಮಾಲೀಕರಾದ ಸಾವಕಾರರು. ಕೊಟ್ಟೆ. ಫೆಬ್ರವರಿಯಲ್ಲಿ ಕೇಳಿದಾಗ ರೊಕ್ಕವೆಲ್ಲ ಖರೀದಿಯಲ್ಲಿ ಸಿಕ್ಕಿಕೊಂಡಿತ್ತು. ಏಪ್ರಿಲ್‌ನಲ್ಲಿ ಕೇಳಿದಾಗ ಮಾರ್ಚ್ ಎಂಡಿನ ದಣಿವು ಇನ್ನೂ ಆರಿರಲಿಲ್ಲ. ಜೂನ್‌ನಲ್ಲಿ "ಮಳಿ ಬರ್ಲಿ" ಎಂದರು. ಮಳೆ ಬಂತು, ಹೊಲಗಳಲ್ಲಿ ತೊಗರಿ ಬಿತ್ತನೆಯೂ ಮುಗಿಯುತ್ತ ಬಂತು. ಇಷ್ಟರಲ್ಲಿ ಆ ಮಿಲ್ಲಿನಲ್ಲಿ ನಾನು ಕುಡಿದ ಚಹಾ ಇಪ್ಪತ್ತಕ್ಕೆ ಕಡಿಮೆಯಿಲ್ಲ.

ಬಾರದ ಹಣಕ್ಕಿಂತ ಹೆಚ್ಚು ಉರಿಸುವುದು ಆ 1,080. ಸೇವೆಯ ಬಿಲ್ಲು ಹರಿದುಕೊಟ್ಟರೆ ತೆರಿಗೆಯ ಹೊಣೆ ಹುಟ್ಟಿತು, ಅಷ್ಟೇ. ಹಣ ಕೈಗೆ ಬಂತೇ ಎಂದು ಸರಕಾರ ಕೇಳುವುದಿಲ್ಲ. ಫೆಬ್ರವರಿ 11ರೊಳಗೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1ರಲ್ಲಿ ಆ ಬಿಲ್ಲನ್ನು ತೋರಿಸಿದೆವು, 20ರೊಳಗೆ ತಿಂಗಳ ತೆರಿಗೆಯ ರಿಟರ್ನ್ ಆದ 3ಬಿ ಹಾಕಿ ತೆರಿಗೆ ಕಟ್ಟಿದೆವು. ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಅವಕಾಶ ನಮ್ಮಂಥ ಸಣ್ಣವರಿಗೆ ಇದ್ದರೂ, ಗ್ರಾಹಕರಿಗೆ ಕ್ರೆಡಿಟ್, ಅಂದರೆ ಖರೀದಿಯ ಬಿಲ್ಲಿನಲ್ಲಿರುವ ತೆರಿಗೆಯನ್ನು ತಾವು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ, ತಡವಾಗಬಾರದೆಂಬ ಉದಾರ ಬುದ್ಧಿಯಿಂದ ಪ್ರತಿ ತಿಂಗಳೂ ಹಾಕುತ್ತೇವೆ. ನಾಳೆ ಈ ಬಾಕಿ ಮುಳುಗಿತೆಂದು ಬರೆದುಕೊಂಡರೂ ಕಟ್ಟಿದ ತೆರಿಗೆ ಹಿಂದಿರುಗದು. ಮುಳುಗಿದ ಸಾಲಕ್ಕೆ ಜಿಎಸ್‌ಟಿಯಲ್ಲಿ ಕನಿಕರವಿಲ್ಲ. ಆ ಕಡೆ ಏನಾಯಿತು ಗೊತ್ತೇ? ಫೆಬ್ರವರಿ 14ರಂದು ಅವರಿಗೆ ಸಿಗುವ ಕ್ರೆಡಿಟ್ ತೋರಿಸುವ 2ಬಿ ಪಟ್ಟಿಯಲ್ಲಿ ನಮ್ಮ ಬಿಲ್ಲು ಬಂದು ಕೂತಿತು, ನಮ್ಮದೇ ತಂತ್ರಾಂಶ ಅದನ್ನು ಅವರ ಖರೀದಿ ಲೆಕ್ಕದೊಂದಿಗೆ ಹೊಂದಿಸಿ ಹಸಿರು ಗುರುತು ಹಾಕಿತು, ಅವರು ಕ್ರೆಡಿಟ್ ತೆಗೆದುಕೊಂಡರು. ನಾನು ಕಟ್ಟಿದ ತೆರಿಗೆ, ನಾನು ಕಟ್ಟಿದ ತಂತ್ರಾಂಶ, ಲಾಭ ಮಾತ್ರ ಅವರ ಖಾತೆಗೆ.

ಆ ಕ್ರೆಡಿಟ್ಟಾದರೂ ಸುಲಭದ ಲೆಕ್ಕವೇ? ಈ ಮಿಲ್ಲಿನಿಂದ ಬೇಳೆ ಹೆಸರು ಮುದ್ರಿಸಿದ 1 ಕಿಲೋ, 5 ಕಿಲೋ ಪ್ಯಾಕೆಟ್ಟುಗಳಲ್ಲೂ ಹೋಗುತ್ತದೆ, 30 ಕಿಲೋ ಚೀಲಗಳಲ್ಲೂ ಹೋಗುತ್ತದೆ. 2022ರ ಜುಲೈ 18ರಂದು ಬಂದ ನಿಯಮದ ಪ್ರಕಾರ ಲೇಬಲ್ ಹಚ್ಚಿದ 25 ಕಿಲೋವರೆಗಿನ ಪ್ಯಾಕೆಟ್ಟಿಗೆ ಶೇಕಡಾ 5 ತೆರಿಗೆ, ಅದಕ್ಕೆ ಮೇಲ್ಪಟ್ಟ ಚೀಲಕ್ಕೆ ಇಲ್ಲ. ಹಾಗಾಗಿ ತಂತ್ರಾಂಶದಂಥ, ಎರಡಕ್ಕೂ ಸೇರುವ ಖರ್ಚಿನ ಕ್ರೆಡಿಟ್ಟನ್ನು ಮಾರಾಟದ ಪ್ರಮಾಣದಲ್ಲಿ ಪಾಲು ಮಾಡಿ, ತೆರಿಗೆ ಇರುವ ಪಾಲನ್ನಷ್ಟೇ ತೆಗೆದುಕೊಳ್ಳಬೇಕು. ಈ ಪಾಲಿನ ಲೆಕ್ಕ ತಾನಾಗಿಯೇ ಬೀಳುವಂತೆ ಮಾಡಲು ನಾನೂ ನನ್ನ ಗೆಳೆಯನೂ ಕಳೆದ ವರ್ಷದ ಇಡೀ ಬೇಸಿಗೆಯನ್ನು ಸೂಪರ್ ಮಾರ್ಕೆಟ್ ಹಿಂದಿನ ಒಂದು ಕೋಣೆಯಲ್ಲಿ, ಕಿಟಕಿಗೆ ಒದ್ದೆ ಗೋಣಿ ಕಟ್ಟಿಕೊಂಡು, ಕರೆಂಟು ಹೋದರೆ ಮೆಟ್ಟಿಲ ಮೇಲೆ ಕೂತು ಕಳೆದೆವು. ನಮ್ಮ ಊರಿನ ಬಿಸಿಲು ಎಂಥದ್ದೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ.

ಹಾಗೆ ಕಟ್ಟಿದ ಸಂಗತಿಗಳಲ್ಲಿ ಒಂದು ಈ ಕೆಂಪು ಪಟ್ಟಿ. ಬಿಲ್ಲಿನ ಹಣವನ್ನು 180 ದಿನಗಳೊಳಗೆ ಕೊಡದಿದ್ದರೆ, ಅದರ ಮೇಲೆ ತೆಗೆದುಕೊಂಡ ಕ್ರೆಡಿಟ್ಟನ್ನು ಬಡ್ಡಿ ಸಹಿತ ಮರಳಿಸಬೇಕು. ಎಷ್ಟೋ ಅಂಗಡಿಗಳಲ್ಲಿ ಇದು ನೆನಪಾಗುವುದು ಆಡಿಟ್ಟಿನವರು ಬಂದಾಗಲೇ. ಆದ್ದರಿಂದ ದಿನ ಮೀರಿದ ಬಿಲ್ಲುಗಳು ಪರದೆಯ ನೆತ್ತಿಯ ಮೇಲೆ ಕೆಂಪಗೆ ನಿಲ್ಲುವಂತೆ ಮಾಡಿದೆ. ಬೇಡವಾದವರು ಬಂದ್ ಮಾಡಿಕೊಳ್ಳಲು ಒಂದು ಗುಂಡಿ ಇಡೋಣ ಎಂದು ಗೆಳೆಯ ಹೇಳಿದ. ಕೂಡದು, ಇದು ಅವರ ಒಳ್ಳೆಯದಕ್ಕೇ ಇರುವ ಎಚ್ಚರಿಕೆ, ಬಂದ್ ಮಾಡುವ ಆಸೆಯೇ ಅವರಿಗೆ ಬರಬಾರದು ಎಂದು ಎರಡು ದಿನ ಅವನೊಡನೆ ಮಾತು ಬಿಟ್ಟವನು ನಾನು. ಆದರ್ಶ ಪುರುಷ!

ಇವತ್ತು ಜುಲೈ 19. ನಾಳೆ 3ಬಿಯ ಕೊನೆಯ ದಿನ. ಬೆಳಿಗ್ಗೆ ಹನ್ನೊಂದೂವರೆಗೆ ಫೋನು ಬಂತು: "ಸಾಫ್ಟ್‌ವೇರ್ ಕೆಟ್ಟದ, ಲಗೂನ ಬಾ." ಬೈಕು ತೆಗೆದುಕೊಂಡು ಓಡಿದೆ. ಹೋಗುವಾಗ ದಾರಿಯುದ್ದಕ್ಕೂ ಏನು ಕೆಟ್ಟಿರಬಹುದು, ಸರ್ವರ್ ನಿಂತಿತೇ, ಬ್ಯಾಕಪ್ ಎಷ್ಟು ಗಂಟೆಯದಿದೆ ಎಂದು ಲೆಕ್ಕ ಹಾಕುತ್ತಿದ್ದವನಿಗೆ ಆಫೀಸಿನೊಳಗೆ ಕಾಲಿಟ್ಟ ಕೂಡಲೇ ತಿಳಿಯಿತು, ಕೆಟ್ಟಿದ್ದೇನೂ ಇಲ್ಲ. ಮೂರು ದಿನಗಳಿಂದ ಪರದೆಯ ಮೇಲೆ ಕೆಂಪು ಪಟ್ಟಿ ಕೂತಿದೆ, ಏನು ಮಾಡಿದರೂ ಹೋಗುತ್ತಿಲ್ಲ, ಇದೇ ಅವರ ದೂರು. ಕುರ್ಚಿಗಳೆಲ್ಲ ತುಂಬಿದ್ದವು. ಲಾತೂರಿನ ಇಬ್ಬರು ದಲ್ಲಾಳಿಗಳು, ಸಾವಕಾರರ ಮಗ, ವಾರದ ಪಗಾರಕ್ಕೆ ನಿಂತಿದ್ದ ಇಬ್ಬರು ಹಮಾಲರು, ಮತ್ತು ಹುಮನಾಬಾದ್ ರಸ್ತೆಯ ಕಡೆಯ ಇನ್ನೊಂದು ಮಿಲ್ಲಿನ ಮಾಲೀಕರು. ಈ ಕೊನೆಯವರಿಗೆ ಬರುವ ವಾರ ನಾನು ಡೆಮೊ ಕೊಡಬೇಕಾಗಿತ್ತು. ನನ್ನ ಪಾಲಿಗೆ ಒಂದು ತೊಗರಿ ಚೀಲ ಸಿಕ್ಕಿತು, ಅದರ ಮೇಲೆ ಕೂತೆ.

"ಏನಂತದ ಓದ್ರಿ ಅದು" ಎಂದರು ಸಾವಕಾರರು. ಮುನೀಮರು ಚಷ್ಮಾವನ್ನು ಮೂಗಿನ ತುದಿಗೆ ಇಳಿಸಿ, ರೇಷನ್ ಅಂಗಡಿಯಲ್ಲಿ ಹೆಸರು ಕೂಗುವವರ ಹಾಗೆ, ಒಂದೊಂದೇ ಮಾತನ್ನು ಗಟ್ಟಿಯಾಗಿ ಓದಿದರು. "ದಿನ ನೂರಾ ಎಂಬತ್ಮೂರು. ಬಾಕಿ ಏಳು ಸಾವಿರದ ಎಂಬತ್ತು. ಪಾರ್ಟಿ..." ಎಂದು ನಮ್ಮ ಸಂಸ್ಥೆಯ ಹೆಸರಿಗೆ ಬಂದು ನಿಂತರು. ಪರದೆ ನೋಡಿದರು, ನನ್ನ ಮುಖ ನೋಡಿದರು, ಮತ್ತೆ ಪರದೆ ನೋಡಿದರು. "ಇದು ನೀನೇ ಅಲ್ಲೇನೋ ತಮ್ಮಾ?"

ಕೋಣೆಯಲ್ಲಿ ನಗು ಎದ್ದಿತು. ಹಮಾಲರೂ ನಕ್ಕರು, ಅವರ ಮೇಲೆ ನನಗೆ ಸಿಟ್ಟಿಲ್ಲ. ಪಗಾರ ಬಟವಾಡೆ ಆಗುವ ತನಕ ಸಾವಕಾರರು ನಕ್ಕಾಗ ನಗುವುದು ಅವರಿಗೆ ಅನಿವಾರ್ಯ. ಸಾವಕಾರರು ಕಣ್ಣೊರೆಸಿಕೊಳ್ಳುತ್ತ, "ಅಲ್ಲೋ, ನಮ್ಮ ಕಂಪ್ಯೂಟರಿನಾಗ ಕುಂತು ನಮಗೇ ತಗಾದಿ ಮಾಡ್ಲಾಕತ್ತೀಯೇನು? ಬಂದ್ ಮಾಡು ಅದನ್ನ" ಎಂದರು. ದನಿಯಲ್ಲಿ ಕೋಪವಿರಲಿಲ್ಲ, ಹಟವಿರಲಿಲ್ಲ, ಮನೆಯ ಹುಡುಗನಿಗೆ ಫ್ಯಾನು ಬಂದ್ ಮಾಡಲು ಹೇಳುವ ಸಲಿಗೆ ಇತ್ತು. ಅದೇ ನನ್ನನ್ನು ಕೊಂದಿದ್ದು. ಕೋಪಿಸಿಕೊಂಡಿದ್ದರೆ ನಾನೂ ಕೋಪಿಸಿಕೊಂಡು ಎದ್ದು ಬರುತ್ತಿದ್ದೆನೇನೋ.

ಎದ್ದು ಬರಲಿಲ್ಲ. "ಸಾವಕಾರ್ರೇ, ಇದು ನಿಮ್ಮ ಒಳ್ಳೇದಕ್ಕೇ ಅದ" ಎಂಬ ಮಾತು ಗಂಟಲಿನಲ್ಲೇ ನಿಂತಿತು. ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಬಂದ್ ಮಾಡುವ ಗುಂಡಿಯೇ ಇಲ್ಲವಲ್ಲ. ಆದ್ದರಿಂದ ನೇರವಾಗಿ ಡೇಟಾಬೇಸಿಗೆ ಇಳಿದು, ಅವರ ಖಾತೆಯ ಸಾಲನ್ನು ಹುಡುಕಿ, ಅದೊಂದು ಗ್ರಾಹಕರಿಗೆ ಮಾತ್ರ ಎಚ್ಚರಿಕೆ ಬೀಳದಂತೆ ಮಾಡಬೇಕಾಯಿತು. ಹನ್ನೊಂದು ನಿಮಿಷ ಹಿಡಿಯಿತು. ಅಷ್ಟು ಹೊತ್ತು ಯಾರೂ ಬೇರೆ ಮಾತನಾಡಲಿಲ್ಲ, ಎಲ್ಲರೂ ನನ್ನ ಬೆರಳುಗಳನ್ನೇ ನೋಡುತ್ತಿದ್ದರು. ನಡುವೆ ಚಹಾ ಬಂತು. ಬಸಿಯ ಮೇಲಿನ ಕಪ್ಪನ್ನು ಇಡಲು ಜಾಗವಿಲ್ಲದೆ ಹುಡುಗ ನನ್ನ ಕಾಲ ಬಳಿ ನೆಲದ ಮೇಲೆ ಇಟ್ಟುಹೋದ. ಕೆಂಪು ಪಟ್ಟಿ ಹೋಯಿತು. "ಈಗ ಚಂದ ಕಾಣಸ್ತದ ನೋಡು" ಎಂದರು ಮುನೀಮರು. ನಾನು "ಹೌದ್ರಿ" ಎಂದೆ. ಯಾಕೆ ಹೌದೆಂದೆ? ಯಾರಾದರೂ ಹೇಳಿ, ನಾನು ಯಾಕೆ ಹೌದೆಂದೆ?

ಇನ್ನೊಂದಿದೆ. ನಮ್ಮ ತಂತ್ರಾಂಶದಲ್ಲಿ ಯಾವ ಬದಲಾವಣೆ ಮಾಡಿದರೂ, ಮಾಡಿದವರ ಹೆಸರು ಮತ್ತು ವೇಳೆ ಎಡಿಟ್ ಲಾಗಿನಲ್ಲಿ ಬೀಳುತ್ತದೆ, ಅದನ್ನು ನಾವೂ ಅಳಿಸಲಾರೆವು. 2023ರ ಏಪ್ರಿಲ್ 1ರಿಂದ ಕಂಪನಿಗಳಿಗೆ ಇದು ಕಡ್ಡಾಯ. ಪಾಲುದಾರಿಕೆ ಸಂಸ್ಥೆಗಳಿಗೆ ಕಡ್ಡಾಯವಲ್ಲದಿದ್ದರೂ ಶಿಸ್ತಿರಲಿ ಎಂದು ಎಲ್ಲರಿಗೂ ಹಾಕಿದ್ದೇವೆ. ಹಾಗಾಗಿ ಈಗ ಅಲ್ಲಿ ಶಾಶ್ವತವಾಗಿ ಬರೆದಿದೆ: 12 ಗಂಟೆ 47 ನಿಮಿಷಕ್ಕೆ, ಬಾಕಿಯ ಎಚ್ಚರಿಕೆಯನ್ನು ನಿಲ್ಲಿಸಿದವನು, ನಾನು.

ಗ್ರಾಹಕರ ಖಾತೆಯ ಗುಟ್ಟು ಹೊರಗೆ ಹೇಳಬಾರದು, ನಾನು ಹೇಳುವುದಿಲ್ಲ. ಇಷ್ಟು ಮಾತ್ರ ಹೇಳುತ್ತೇನೆ: ಆ ಪಟ್ಟಿಯಲ್ಲಿ ಇದ್ದದ್ದು ಒಂದೇ ಹೆಸರು. ಗೋಣಿಚೀಲದವರಿಗೆ ಹಣ ಹೋಗಿದೆ, ಮೋಟಾರು ರಿಪೇರಿಯವರಿಗೆ ಹೋಗಿದೆ, ಹೈದರಾಬಾದಿನಿಂದ ಪ್ಯಾಕಿಂಗ್ ರೋಲು ಕಳಿಸುವವರಿಗಂತೂ ತಿಂಗಳೊಳಗೆ ಹೋಗಿದೆ. ಚೀಲ ಇಲ್ಲದಿದ್ದರೆ ಬೇಳೆ ಹೊರಡುವುದಿಲ್ಲ, ಮೋಟಾರು ನಿಂತರೆ ಮಿಲ್ಲು ನಿಲ್ಲುತ್ತದೆ. ಲೆಕ್ಕ ನಿಂತರೆ ಏನಾಗುತ್ತದೆ? ಮುನೀಮರ ಕೆಂಪು ಬಟ್ಟೆಯ ಕಿರ್ದಿ ಪುಸ್ತಕ ಮೇಜಿನ ಕೆಳಗೆ ಇದ್ದೇ ಇದೆ, ದೀಪಾವಳಿಗೆ ಅದಕ್ಕೇ ಪೂಜೆ. ನಮ್ಮ ತೊಗರಿಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತಿನ) ಮಾನ್ಯತೆ ಬಂತೆಂದು ಊರೆಲ್ಲ ಎದೆಯುಬ್ಬಿಸಿತು, ಅದೇ ಊರಿನಲ್ಲಿ ಹುಟ್ಟಿದ ತಂತ್ರಾಂಶವೆಂದರೆ "ಟ್ಯಾಲಿ ಇರೋವಾಗ ನಿಂದ್ಯಾಕ?" ಎನ್ನುತ್ತಾರೆ. ನಿಜ, ಆ ಲೆಕ್ಕದ ತಂತ್ರಾಂಶ 1986ರಿಂದ ಇದೆ, ನಾನು ಹುಟ್ಟುವ ಮೊದಲಿನಿಂದ ಇದೆ. ಬೇಡವಾದರೆ ಬೇಡವೆನ್ನಿ. ಬಳಸಿಕೊಂಡು ಸುಮ್ಮನಿರಬೇಡಿ.

ಕಾನೂನು ನನಗೆ ಗೊತ್ತಿಲ್ಲವೆಂದಲ್ಲ, ಗೊತ್ತಿರುವುದೇ ಸಂಕಟ. ಸರಕಾರದ ಉದ್ಯಮ್ ನೋಂದಣಿ ಇರುವ ಸಣ್ಣ ಸಂಸ್ಥೆಗೆ, ಕರಾರು ಇದ್ದರೂ 45 ದಿನ ಮೀರದಂತೆ ಹಣ ಕೊಡಬೇಕು. ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಎಂದು ಸಣ್ಣ ಉದ್ಯಮಗಳ 2006ರ ಕಾಯ್ದೆ ಹೇಳುತ್ತದೆ. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯಲ್ಲೂ, ಹಾಗೆ ತಡೆದಿಟ್ಟ ಹಣವನ್ನು ಕೊಡುವ ತನಕ ಖರ್ಚೆಂದು ತೋರಿಸಲು ಬರುವುದಿಲ್ಲ. ದೂರು ಕೊಡಲೆಂದು ಸರಕಾರ ಒಂದು ಪೋರ್ಟಲ್ ಕೂಡ ತೆರೆದಿತ್ತು, ಅದಕ್ಕೆ ಇಟ್ಟ ಹೆಸರು ಸಮಾಧಾನ್. ಕನ್ನಡದಲ್ಲಿ ಓದಿಕೊಂಡು ಸಮಾಧಾನ ಮಾಡಿಕೊಳ್ಳಬಹುದು, ಅಷ್ಟೇ. 7,080 ರೂಪಾಯಿಗಾಗಿ ಗಂಜಿನ ಒಬ್ಬ ಸಾವಕಾರರ ಮೇಲೆ ದೂರು ಕೊಟ್ಟ ಹುಡುಗನನ್ನು ಸಂಜೆಯೊಳಗೆ ಉಳಿದವರೆಲ್ಲ ಬಾಗಿಲಲ್ಲೇ ನಿಲ್ಲಿಸುತ್ತಾರೆ. ನಮಗಿರುವುದು 14 ಗ್ರಾಹಕರು, ಪೂರ್ತಿ ಹಣ ಕೊಟ್ಟವರು 5.

ಹಾಗೆ ನೋಡಿದರೆ ಸಾವಕಾರರು ಕೆಟ್ಟವರೇ ಅಲ್ಲ. ಇಡೀ ಗಂಜಿನಲ್ಲಿ ಮೊದಲು ನಮ್ಮನ್ನು ಒಳಗೆ ಕರೆದು ಕಂಪ್ಯೂಟರ್ ಮುಟ್ಟಲು ಬಿಟ್ಟವರು ಅವರು. ಗೆಳೆಯನ ತಂದೆಯನ್ನು ರಾತ್ರಿ ಆಸ್ಪತ್ರೆಗೆ ಸೇರಿಸುವಾಗ ಜೀಪು ಕಳಿಸಿದವರು ಅವರು, ಡೀಸೆಲ್ ಹಣ ಕೊಡಹೋದರೆ ಬೈದವರು. ಈಗ ನಾನು ಆ ಜೀಪಿನ ಬಾಡಿಗೆಯನ್ನು 7,080ರಲ್ಲಿ ಕಳೆಯಬೇಕೇ? ಯಾವ ಖಾತೆಗೆ ಹಾಕಲಿ? ಮೊದಲು ಪ್ರೊಫಾರ್ಮಾ, ಅಂದರೆ ತೆರಿಗೆಯ ಹೊಣೆ ಹುಟ್ಟಿಸದ ಮುಂಗಡ ಬಿಲ್ಲು, ಕೊಟ್ಟು, ಹಣ ಬಂದ ಮೇಲೆ ಪಕ್ಕಾ ಬಿಲ್ಲು ಕೊಡಬೇಕೆಂಬುದು ಬಿ.ಕಾಂ. ಮೊದಲ ವರ್ಷದ ಹುಡುಗರಿಗೂ ಗೊತ್ತು. ವರ್ಷದ ವಹಿವಾಟು 20 ಲಕ್ಷ ದಾಟದವರು ಜಿಎಸ್‌ಟಿ ನೋಂದಣಿಯನ್ನೇ ಮಾಡಿಸಬೇಕಾಗಿರಲಿಲ್ಲ ಎಂಬುದೂ ಗೊತ್ತು. ಊರಿಗೆಲ್ಲ ಲೆಕ್ಕ ಕಲಿಸಲು ಹೊರಟ ನಮಗೆ ಮಾತ್ರ ಗೊತ್ತಿರಲಿಲ್ಲ. ಗೊತ್ತಿತ್ತು, ಆದರೆ "ಪಕ್ಕಾ ಬಿಲ್" ಎಂದವರ ಎದುರಿಗೆ ಬಾಯಿ ಬರಲಿಲ್ಲ.

ನಾನು ಏಳುವಾಗ ಆ ಇನ್ನೊಂದು ಮಿಲ್ಲಿನ ಮಾಲೀಕರೂ ಹಿಂದೆಯೇ ಎದ್ದು ಬಂದರು. ಬಾಗಿಲ ಬಳಿ ಹೆಗಲ ಮೇಲೆ ಕೈಯಿಟ್ಟು, ಡೆಮೊ ಬೇಡ, ನೋಡಿದ್ದಾಯಿತು, ಮೆಚ್ಚಿಗೆಯಾಯಿತು ಎಂದರು. "ನಮಗೂ ಹಾಕಿಕೊಡು. ಆದ್ರ ಆ ಕೆಂಪಂದು ಇರಬಾರದು ನೋಡು." ನಾಚಿಕೆಯಿಲ್ಲದೆ ಹೇಳುತ್ತೇನೆ, ಆ ಕ್ಷಣದಲ್ಲಿ ನನಗೆ ಸಂತೋಷವಾಯಿತು. ಬೈಕು ಸ್ಟಾರ್ಟ್ ಮಾಡುವ ತನಕವೂ ಇತ್ತು.

ರಾತ್ರಿ ಒಂಬತ್ತಕ್ಕೆ ಅವರದೇ ಫೋನು. ನಾಳೆ ಹತ್ತು ಗಂಟೆಗೆ ಹುಡುಗನನ್ನು ಕಳಿಸುತ್ತೇನೆ, ಪಕ್ಕಾ ಬಿಲ್ಲು ಅವನ ಕೈಯಲ್ಲಿ ಕೊಟ್ಟು ಕಳಿಸು, ರೊಕ್ಕ ಆಮೇಲೆ ನೋಡೋಣ ಎಂದರು. ನಾನು "ಆಯ್ತ್ರಿ" ಎಂದೆ. ಈಗ ಎದುರಿಗೆ ಬಿಲ್ಲಿನ ಪುಟ ತೆರೆದು ಕೂತಿದ್ದೇನೆ. ಮೇಲುಗಡೆ ಪ್ರೊಫಾರ್ಮಾ ಎಂದು ಬರೆದೆ, ಅಳಿಸಿದೆ, ಮತ್ತೆ ಬರೆದೆ. ಗಂಜಿನಲ್ಲಿ ವ್ಯಾಪಾರ ಮಾಡಿ ಹಣ ತಂದವರು ಯಾರಾದರೂ ಎಚ್ಚರವಿದ್ದರೆ, ಹತ್ತು ಗಂಟೆಯೊಳಗೆ ಒಂದು ಮಾತು ಹೇಳಿ: ಆ ಹುಡುಗ ಬಂದಾಗ ಅವನ ಕೈಯಲ್ಲಿ ಯಾವ ಕಾಗದ ಕೊಡಲಿ?