ಜ್ಞಾನಭಾರತಿಗೆ ಬರುವವರು ಗಾಡಿ ಗೇಟಿನ ಹೊರಗೇ ಬಿಡಬೇಕಾ?

ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಕ್ಯಾಂಪಸ್ಸಿಗೆ ಕೆಲಸದ ಮೇಲೆ ಬರುವ ಹೊರಗಿನವರು ಮೆಟ್ರೊ, ಬಸ್ಸಿನಲ್ಲೇ ಬರಲಿ, ಸ್ವಂತ ಗಾಡಿ ಒಳಗೆ ಬೇಡ ಎನ್ನುವ ಮಾತು ಆಗಾಗ ಏಳುತ್ತದೆ. ಇದಕ್ಕೆ ಪರವಾಗಿ ಒಬ್ಬರು, ವಿರೋಧವಾಗಿ ಒಬ್ಬರು ಬರೆದಿದ್ದಾರೆ.

ಪರ: ಮೆಟ್ರೊ ಬಾಗಿಲಿಗೇ ಬಂದಿದೆ

ಬೆಳಿಗ್ಗೆ ಒಂಬತ್ತೂವರೆಗೆ ಜ್ಞಾನಭಾರತಿ ಮೆಟ್ರೊ ಸ್ಟೇಷನ್ನಿನ ಮೆಟ್ಟಿಲ ಹತ್ತಿರ ಐದು ನಿಮಿಷ ನಿಂತು ನೋಡಿ. ಬ್ಯಾಗು ಹಾಕಿಕೊಂಡ ಹುಡುಗ ಹುಡುಗಿಯರು, ಕೈಯಲ್ಲಿ ಪ್ಲಾಸ್ಟಿಕ್ ಫೈಲು ಹಿಡಿದುಕೊಂಡು ಮಾರ್ಕ್ಸ್ ಕಾರ್ಡಿಗೆ ಬಂದವರು, ಜೊತೆಗೆ ಅವರ ಅಪ್ಪ ಅಮ್ಮಂದಿರು, ಎಲ್ಲ ಇಳಿದು ಬರುತ್ತಿರುತ್ತಾರೆ. ಇಷ್ಟು ಜನ ಬರಬಹುದಾದರೆ ಉಳಿದವರೂ ಬರಬಹುದು. ನನ್ನ ವಾದ ಇಷ್ಟೇ, ಆದರೂ ಬಿಡಿಸಿ ಹೇಳುತ್ತೇನೆ.

ನಾನು ಇಲ್ಲಿ ಎಂಎಸ್ಸಿ ಮಾಡುವಾಗ ಎರಡು ವರ್ಷ ಹಾಸ್ಟೆಲ್ಲಿನಲ್ಲಿದ್ದೆ. ಈಗ ಸಂಶೋಧನೆಗೆ ಅಂತ ವಿಜಯನಗರದಿಂದ ದಿನಾ ಬರುತ್ತೇನೆ. ಅಲ್ಲಿಂದ ಇದು ಆರನೇ ಸ್ಟೇಷನ್. ಮೊದಲು ಹೀಗಿರಲಿಲ್ಲ. ಮೆಟ್ರೊ ಮೈಸೂರು ರಸ್ತೆ ಸ್ಟೇಷನ್ನಿಗೇ ಮುಗಿಯುತ್ತಿತ್ತು, ಅಲ್ಲಿಂದ ಬಸ್ಸು ಇಲ್ಲವೇ ಆಟೊ, ನಾಯಂಡಹಳ್ಳಿ ಜಂಕ್ಷನ್ ದಾಟುವಷ್ಟರಲ್ಲಿ ಅರ್ಧ ಬೆಳಗು ಹೋಗುತ್ತಿತ್ತು. 2021ರ ಆಗಸ್ಟ್ ಕೊನೆಯಲ್ಲಿ ಕೆಂಗೇರಿವರೆಗೆ ಲೈನು ತೆರೆದರು. 2023ರ ಅಕ್ಟೋಬರಿನಿಂದ ವೈಟ್‌ಫೀಲ್ಡ್‌ನಲ್ಲಿ ಹತ್ತಿದವರು ಎಲ್ಲೂ ಇಳಿಯದೆ ಒಂದೇ ರೈಲಿನಲ್ಲಿ ಇಲ್ಲಿಗೆ ಬರಬಹುದು. ಮೆಜೆಸ್ಟಿಕ್ಕಿನಿಂದ ಹತ್ತನೇ ಸ್ಟೇಷನ್. ಹಸಿರು ಲೈನಿನವರು ಮೆಜೆಸ್ಟಿಕ್ಕಿನಲ್ಲಿ ಒಮ್ಮೆ ಬದಲಾಯಿಸಿದರೆ ಆಯಿತು. ಬೊಮ್ಮಸಂದ್ರದ ಕಡೆಯವರಿಗೂ 2025ರಿಂದ ಹಳದಿ ಲೈನು ಇದೆ, ಆರ್.ವಿ. ರಸ್ತೆಯಲ್ಲಿ ಒಮ್ಮೆ, ಮೆಜೆಸ್ಟಿಕ್ಕಿನಲ್ಲಿ ಒಮ್ಮೆ ಬದಲಾಯಿಸಬೇಕು. ಮೈಸೂರು ಕಡೆಯಿಂದ ಬಸ್ಸಿನಲ್ಲಿ ಬರುವವರು ಕೆಂಗೇರಿಯಲ್ಲೇ ಇಳಿದು ಮೆಟ್ರೊ ಹತ್ತಬಹುದು. ರಾಮನಗರ, ಚನ್ನಪಟ್ಟಣದವರಿಗೆ ಮೈಸೂರು ರೈಲು ಮಾರ್ಗದಲ್ಲೇ ಜ್ಞಾನಭಾರತಿ ಅಂತ ಒಂದು ಪುಟ್ಟ ನಿಲ್ದಾಣ ಇದೆ. ಎಲ್ಲ ರೈಲೂ ನಿಲ್ಲುವುದಿಲ್ಲ, ಸಮಯ ನೋಡಿಕೊಂಡು ಬರಬೇಕು. ಸಾಮಾನ್ಯ ಸಿಟಿ ಬಸ್ಸಿನಲ್ಲಿ ಹೆಂಗಸರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಟಿಕೆಟ್ಟಿಗೆ ದುಡ್ಡೇ ಇಲ್ಲ. ನಮ್ಮ ಊರಿನ ಬೇರೆ ಯಾವ ಕಚೇರಿಗೆ ಇಷ್ಟು ದಾರಿ ಇದೆ ಹೇಳಿ?

ಈಗ ರಸ್ತೆಯ ವಿಷಯಕ್ಕೆ ಬರುತ್ತೇನೆ. ಈ ಕ್ಯಾಂಪಸ್ಸು ಸುಮಾರು 1,100 ಎಕರೆ. ಲಾಲ್‌ಬಾಗ್ 240 ಎಕರೆ, ಅಂದರೆ ನಾಲ್ಕು ಲಾಲ್‌ಬಾಗ್ ಇಟ್ಟರೂ ಇನ್ನೂ ಜಾಗ ಮಿಗುತ್ತದೆ. ಬಯೋಪಾರ್ಕ್ ಇದೆ, ಬೆಳಿಗ್ಗೆ ನವಿಲು ಕೂಗುವುದು ಕೇಳುತ್ತದೆ. ಇದರ ನಡುವೆ ಮೈಸೂರು ರಸ್ತೆಯಿಂದ ನಾಗರಭಾವಿ, ಮಲ್ಲತ್ತಹಳ್ಳಿ, ಉಲ್ಲಾಳದ ಕಡೆಗೆ ಹೋಗುವವರು ಸಿಗ್ನಲ್ ತಪ್ಪಿಸಿಕೊಳ್ಳಲು ನುಗ್ಗುತ್ತಾರೆ. ಸಂಜೆ ಐದರ ಮೇಲೆ ರಸ್ತೆ ದಾಟಲು ನಿಂತರೆ ನಿಂತೇ ಇರಬೇಕು.

2022ರ ಅಕ್ಟೋಬರ್‌ನಲ್ಲಿ ಕ್ಯಾಂಪಸ್ಸಿನ ಒಳಗೇ ಬಸ್ಸಿಗೆ ಸಿಕ್ಕಿ ಗಾಯಗೊಂಡ ಸ್ನಾತಕೋತ್ತರ ವಿದ್ಯಾರ್ಥಿನಿ ಆಮೇಲೆ ಆಸ್ಪತ್ರೆಯಲ್ಲಿ ತೀರಿಕೊಂಡರು. ವಿದ್ಯಾರ್ಥಿಗಳು ರಸ್ತೆಗೆ ಬಂದು ಕೂತರು. ಹೊರಗಿನ ಗಾಡಿ ನಿಲ್ಲಿಸಿ ಅಂತ ಕೇಳಿದರು. ಪಾಠ ಕಲಿಯಲು ಬಂದ ಮಕ್ಕಳು ಜೀವ ಉಳಿಸಿಕೊಳ್ಳಲು ಧರಣಿ ಕೂರಬೇಕಾಯಿತು. ಅದನ್ನು ನೆನೆದರೆ ಇವತ್ತಿಗೂ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನನಗೂ ಒಮ್ಮೆ ಆಗಿದೆ. ಲೈಬ್ರರಿ ಮುಗಿಸಿಕೊಂಡು ಕತ್ತಲಾಗುವ ಹೊತ್ತಿಗೆ ರಸ್ತೆಯಂಚಲ್ಲಿ ನಡೆದು ಬರುತ್ತಿದ್ದೆ. ಹಿಂದಿನಿಂದ ಬಂದ ಕಾರು ಮುಂದಿದ್ದ ಟೆಂಪೊ ಹಿಂದಿಕ್ಕಲು ಹೋಗಿ ನನ್ನ ಬ್ಯಾಗಿಗೆ ತಾಗಿತು. ನಾನು ಹುಲ್ಲಿನ ಕಡೆ ಬಿದ್ದೆ, ಏನೂ ಆಗಲಿಲ್ಲ. ಬ್ಯಾಗಿನ ಪಕ್ಕದ ಜೇಬಿನಲ್ಲಿದ್ದ ಸ್ಟೀಲ್ ಡಬ್ಬಿ ಹಾರಿ ರಸ್ತೆಗೆ ಬಿತ್ತು, ಮುಚ್ಚಳ ಗಿರಗಿರ ತಿರುಗುತ್ತಾ ಹೋಯಿತು, ಹಿಂದೆ ಬಂದ ಬೈಕು ಅದರ ಮೇಲೆ ಹತ್ತಿತು. ಕಾರು ನಿಲ್ಲಿಸಲೇ ಇಲ್ಲ. ಆ ಡಬ್ಬಿ ಇನ್ನೂ ಮನೆಯಲ್ಲಿದೆ, ಮುಚ್ಚಳ ಕೂರುವುದಿಲ್ಲ. ಅಮ್ಮ ಅದರಲ್ಲಿ ಹುಣಸೆಹಣ್ಣು ಹಾಕಿಟ್ಟಿದ್ದಾರೆ. ನೋಡಿದಾಗಲೆಲ್ಲ ಆ ಮುಚ್ಚಳದ ಜಾಗದಲ್ಲಿ ನನ್ನ ತಲೆ ಇರಬಹುದಿತ್ತು ಅನ್ನಿಸುತ್ತದೆ.

ವಯಸ್ಸಾದವರು ಏನು ಮಾಡಬೇಕು ಅಂತ ಕೇಳುತ್ತಾರೆ. ಲಾಲ್‌ಬಾಗಿನಲ್ಲಿ ಬ್ಯಾಟರಿ ಗಾಡಿ ಓಡುತ್ತದೆ, ಮೈಸೂರು ಝೂನಲ್ಲಿ ಓಡುತ್ತದೆ. ಇಲ್ಲೂ ಬಿಟ್ಟರಾಯಿತು. ಅದು ಬಿಟ್ಟು, ವಯಸ್ಸಾದವರ ಹೆಸರು ಹೇಳಿಕೊಂಡು ಗಟ್ಟಿಮುಟ್ಟಾದವರೆಲ್ಲ ಒಬ್ಬೊಬ್ಬರೇ ಕಾರಿನಲ್ಲಿ ಬರುವುದು ಸರಿ ಅಲ್ಲ. ನಾನು ನೋಡಿದ ಕಾರುಗಳಲ್ಲಿ ಮುಕ್ಕಾಲು ಪಾಲು ಡ್ರೈವರ್ ಸೀಟು ಬಿಟ್ಟರೆ ಖಾಲಿ.

ಕಬ್ಬನ್ ಪಾರ್ಕಿನಲ್ಲಿ ಭಾನುವಾರ ಗಾಡಿ ನಿಲ್ಲಿಸಿದಾಗಲೂ ಜನ ಕೂಗಾಡಿದ್ದರು. ಈಗ ಭಾನುವಾರ ಅಲ್ಲಿ ಮಕ್ಕಳು ರಸ್ತೆ ನಡುವೆ ಸೈಕಲ್ ಹೊಡೆಯುತ್ತಾರೆ, ಯಾರಿಗೂ ತೊಂದರೆ ಆಗಿಲ್ಲ. ಮೆಟ್ರೊ ಇಲ್ಲದಿದ್ದಾಗ ಗಾಡಿ ಬೇಕಿತ್ತು, ಒಪ್ಪುತ್ತೇನೆ. ಈಗ ಮೆಟ್ರೊ ಇದೆ. ಗೇಟಿನ ಹತ್ತಿರವೇ ಇದೆ. ಇಳಿದು ನಡೆಯಿರಿ.

ವಿರೋಧ: ಗೇಟಿನಿಂದ ಆಚೆಗೂ ದಾರಿ ಇದೆಯಲ್ಲ

ಈ ಕಡೆಯಿಂದ ಬರೆದುಕೊಡಿ ಅಂತ ಕೇಳಿದರು, ಒಪ್ಪಿಕೊಂಡೆ. ನಾನೂ ಊರೊಳಗೆ ಹೆಚ್ಚಾಗಿ ಮೆಟ್ರೊದಲ್ಲೇ ಓಡಾಡುವವನು, ಅದಕ್ಕೇ ಮೆಟ್ರೊ ಬೇಡ ಅನ್ನುವ ವಾದ ನನ್ನಿಂದ ಆಗುವುದಿಲ್ಲ. ಕ್ಯಾಂಪಸ್ಸಿನಲ್ಲಿ ಗಾಡಿ ಜಾಸ್ತಿ ಆಗಿರುವುದೂ ನಿಜ. ಆದರೆ ಬರುವವರ ಗಾಡಿಯನ್ನೆಲ್ಲ ಗೇಟಿನಲ್ಲೇ ತಡೆಯಿರಿ ಅನ್ನುವುದು ನನಗೆ ಒಗ್ಗುವುದಿಲ್ಲ.

ಕೆಲಸಕ್ಕೆ ಅಂತ ಕ್ಯಾಂಪಸ್ಸಿಗೆ ಬರುವವರು ಬೇರೆ, ಕ್ಯಾಂಪಸ್ಸನ್ನು ಅಡ್ಡದಾರಿ ಮಾಡಿಕೊಂಡವರು ಬೇರೆ. ಎರಡನೆಯವರನ್ನು ನಿಲ್ಲಿಸಿ, ನನ್ನ ತಕರಾರಿಲ್ಲ. ಮೊದಲನೆಯವರಿಗೆ ಯಾಕೆ ಶಿಕ್ಷೆ? 2022ರ ಅಪಘಾತವನ್ನು ಇದಕ್ಕೆ ಕಾರಣವಾಗಿ ಹೇಳುತ್ತಾರೆ. ಅದು ದೊಡ್ಡ ನೋವು. ಆದರೆ ಅದು ಆಗಿದ್ದು ಬಸ್ಸಿನಿಂದ, ಮಾರ್ಕ್ಸ್ ಕಾರ್ಡಿಗೆ ಬಂದವರ ಕಾರಿನಿಂದಲ್ಲ.

ಮೆಟ್ರೊ ಬೆಂಗಳೂರಿನವರಿಗೆ ಸರಿ. ಈ ವಿಶ್ವವಿದ್ಯಾಲಯಕ್ಕೆ ಕೆಲಸವಿಟ್ಟುಕೊಂಡು ಬರುವವರು ಬೆಂಗಳೂರಿನವರು ಮಾತ್ರ ಅಲ್ಲ. ನಮ್ಮ ಮಾಗಡಿಗೆ ರೈಲೂ ಇಲ್ಲ, ಮೆಟ್ರೊವೂ ಇಲ್ಲ. ಬಸ್ಸು ತಾವರೆಕೆರೆ, ಸುಂಕದಕಟ್ಟೆ ಮೇಲೆ ಊರೊಳಗೆ ಬರುತ್ತದೆ, ಅಲ್ಲಿಂದ ಮತ್ತೆ ಹಿಂದಕ್ಕೆ ಬಂದಹಾಗೆ ಬರಬೇಕು. ಸ್ವಂತ ಗಾಡಿ ಇದ್ದರೆ ಉಲ್ಲಾಳದ ಮೇಲೆ ಸೀದಾ ಬರಬಹುದು. ಮೆಟ್ರೊ ದರವೂ 2025ರ ಫೆಬ್ರವರಿಯಲ್ಲಿ ಏರಿತು, ಗರಿಷ್ಠ 60 ರೂಪಾಯಿ ಇದ್ದಿದ್ದು 90 ಆಯಿತು. ನಾಲ್ಕು ಜನ ಮನೆಮಂದಿ ಬಂದು ಹೋಗುವಾಗ ಲೆಕ್ಕ ಹಾಕಿ ನೋಡಿ.

ಇನ್ನು ನಮ್ಮ ಅಪ್ಪನ ವಿಷಯ. ಇದು ಜ್ಞಾನಭಾರತಿಯಲ್ಲಿ ನಡೆದದ್ದಲ್ಲ, ಹೊರಗಿನ ಗಾಡಿ ಒಳಗೆ ಬಿಡದ ಬೇರೆ ಒಂದು ದೊಡ್ಡ ಸಂಸ್ಥೆಯಲ್ಲಿ. ತಂಗಿಗೆ ಅಲ್ಲಿ ಸೀಟು ಸಿಕ್ಕಿತ್ತು. ಹಾಸ್ಟೆಲ್ ಫಾರಮ್ಮಿಗೆ ಅಪ್ಪ ಎದುರಿಗೇ ಸಹಿ ಹಾಕಬೇಕು ಅಂದರು. ಅಪ್ಪನಿಗೆ ಮಂಡಿ ಆಪರೇಷನ್ ಆಗಿ ಮೂರು ತಿಂಗಳಾಗಿತ್ತಷ್ಟೆ. ಬೆಳಿಗ್ಗೆ ಆರಕ್ಕೇ ಬಿಳಿ ಪಂಚೆ, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಪರಿಚಯದವರ ಕಾರಿನ ಮುಂದಿನ ಸೀಟಿನಲ್ಲಿ ಕೂತಿದ್ದರು. ಮಗಳ ಕಾಲೇಜು ನೋಡುವ ಖುಷಿ.

ಗೇಟಿನಲ್ಲಿ ತಡೆದರು. ಕಾಲು ತೋರಿಸಿದೆ, ಡಾಕ್ಟರ ಚೀಟಿ ತೋರಿಸಿದೆ. ‘ಸಾರ್, ನನಗೂ ಬಿಡಬೇಕು ಅಂತಿದೆ, ಆದರೆ ಆರ್ಡರ್ ಇದೆ’ ಅಂದ ಸೆಕ್ಯೂರಿಟಿಯವನು. ಅವನನ್ನು ಬೈಯುವಂತೆಯೂ ಇರಲಿಲ್ಲ. ಆಟೊ ಬಿಡುತ್ತೀರಾ ಅಂದೆ, ಅದೂ ಇಲ್ಲ. ಬ್ಯಾಟರಿ ಗಾಡಿ ಒಂದು ಇತ್ತು, ಅವತ್ತು ಚಾರ್ಜಿಗೆ ಹಾಕಿದ್ದರು.

ನಡೆದೆವು. ಅಪ್ಪ ಹತ್ತು ಹೆಜ್ಜೆ ಇಡುವುದು, ಕೋಲಿನ ಮೇಲೆ ಭಾರ ಬಿಟ್ಟು ನಿಲ್ಲುವುದು. ಹೊಂಗೆ ಮರದ ಕೆಳಗೆ ಒಂದು ಕಲ್ಲುಬೆಂಚು ಸಿಕ್ಕಿತು, ಅಲ್ಲಿ ಕೂತು ಪಂಚೆ ಮೇಲೆತ್ತಿ ಮಂಡಿ ನೋಡಿಕೊಂಡರು. ಊದಿತ್ತು. ‘ಮಗಾ, ಫಾರಮ್ ಇಲ್ಲಿಗೇ ತಂದುಬಿಡಲ್ವಾ ಅವರು?’ ಅಂತ ಕೇಳಿದರು. ನಾನು ಓಡಿ ಹೋಗಿ ವಿಚಾರಿಸಿದೆ. ಆಗುವುದಿಲ್ಲ ಅಂದರು. ನಾವು ತಲುಪುವಷ್ಟರಲ್ಲಿ ಒಂದೂವರೆ, ಕೌಂಟರ್ ಮುಚ್ಚಿ ಊಟಕ್ಕೆ ಎದ್ದಿದ್ದರು. ಎರಡೂವರೆವರೆಗೆ ಅಪ್ಪ ವರಾಂಡದ ಗೋಡೆಗೆ ಒರಗಿ ಕೂತಿದ್ದರು. ಕಾಲೇಜಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ವಾಪಸ್ ಅಷ್ಟೇ ದೂರ ನಡೆಯಬೇಕಿತ್ತು ಅನ್ನುವುದನ್ನು ನಾನು ಬರೆಯಬೇಕಿಲ್ಲ.

ಬ್ಯಾಟರಿ ಗಾಡಿ ಬಿಟ್ಟರೆ ಆಯಿತು ಅನ್ನುವವರಿಗೆ ನಾನು ಕೇಳುವುದು ಇಷ್ಟು: ಅದು ಕೆಟ್ಟ ದಿನ ಏನು ಮಾಡುತ್ತೀರಿ? ಜ್ಞಾನಭಾರತಿಯಲ್ಲಿ ಮೈಸೂರು ರಸ್ತೆ ಗೇಟಿನಿಂದ ಒಳಗಿನ ವಿಭಾಗಗಳಿಗೆ ಆರಾಮಾಗಿ ಇರುವವರಿಗೇ ಸುಮಾರು ನಡಿಗೆ. ಮಳೆ ಬಂದರೆ, ಜೊತೆಯಲ್ಲಿ ಕಂಕುಳ ಕೂಸಿದ್ದರೆ? ಗೇಟಿನಲ್ಲಿ ನಂಬರ್ ಬರೆದುಕೊಂಡು, ಒಂದು ಚೀಟಿ ಕೊಟ್ಟು, ಹೋದ ಕಡೆ ಅದಕ್ಕೆ ಸೀಲ್ ಹಾಕಿಸಿಕೊಂಡು ಬನ್ನಿ ಅನ್ನಲಿ. ಸೀಲ್ ಇಲ್ಲದೆ ಇನ್ನೊಂದು ಗೇಟಿನಲ್ಲಿ ಹೊರಟವರಿಗೆ ದಂಡ ಹಾಕಲಿ. ಅಡ್ಡದಾರಿಯವರು ತಾವಾಗೇ ನಿಲ್ಲುತ್ತಾರೆ.

ತಂಗಿಯ ಘಟಿಕೋತ್ಸವ ಆಯಿತು. ಮನೆಯಲ್ಲಿ ಎಲ್ಲ ಹೊರಟೆವು. ಅಪ್ಪ ಮೊದಲು ಕೇಳಿದ್ದು, ‘ಗೇಟಿನಿಂದ ಎಷ್ಟು ದೂರ?’ ಅಂತ. ಹೇಳಿದೆವು. ‘ನೀವು ಹೋಗಿ ಬನ್ನಿ’ ಅಂದರು. ಫೋಟೊ ಫೋನಿಗೆ ಕಳಿಸಿದೆವು.