ಎಐ ಕಂಡರೆ ಹೆದರಬೇಕೇ?

ಪರ: ಹೆದರಲೇಬೇಕು

ಇಂದಿನ ಎಐಗೆ (ಕೃತಕ ಬುದ್ಧಿಮತ್ತೆಗೆ) ಬುನಾದಿ ಹಾಕಿದವರಲ್ಲಿ ಜೆಫ್ರಿ ಹಿಂಟನ್ ಒಬ್ಬರು. 2023ರಲ್ಲಿ ಅವರು ಗೂಗಲ್ ಬಿಟ್ಟು ಬಂದು, ಇದರ ಅಪಾಯದ ಬಗ್ಗೆ ಬಿಚ್ಚುಮನಸ್ಸಿನಿಂದ ಮಾತಾಡತೊಡಗಿದರು. ಮರುವರ್ಷ ಅವರಿಗೆ ನೊಬೆಲ್ ಬಂತು. ಇಂಥವರ ಭಯವನ್ನು ಅಜ್ಞಾನ ಅಂತ ತಳ್ಳಿಹಾಕಲು ಆಗುವುದಿಲ್ಲ, ಅಲ್ವಾ?

ಈ ಯಂತ್ರಗಳು ರಾಶಿ ರಾಶಿ ಬರಹದಿಂದ ಕಲಿತಂಥವು. ಒಂದು ಉತ್ತರ ಯಾಕೆ ಹಾಗೇ ಬಂತು ಅಂತ ಕಟ್ಟಿದವರಿಗೂ ಪೂರ್ತಿ ಹೇಳಲು ಬರುವುದಿಲ್ಲ. ಗಣಿತಜ್ಞ ನಾರ್ಬರ್ಟ್ ವೀನರ್ 1960ರಲ್ಲೇ ಎಚ್ಚರಿಸಿದ್ದರು: ಯಂತ್ರವನ್ನು ನಡುವೆ ತಡೆಯಲು ಆಗದಿದ್ದರೆ, ಅದಕ್ಕೆ ಕೊಟ್ಟ ಗುರಿ ನಮಗೆ ನಿಜವಾಗಿ ಬೇಕಾದದ್ದೇ ಅಂತ ಮೊದಲೇ ಖಾತ್ರಿ ಮಾಡಿಕೊಂಡಿರಬೇಕು.

ಮಲೆನಾಡಿಗೆ ಇದು ಹೊಸದಲ್ಲ. ಶರಾವತಿ ನದಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಗುರಿ ವಿದ್ಯುತ್ ಆಗಿತ್ತು, ಅದು ಸಿಕ್ಕಿತು. ಗದ್ದೆ, ತೋಟ, ಮನೆ ಮುಳುಗಿದವು. ಆಗ ಹೆದರಿದವರು ದಡ್ಡರಾಗಿರಲಿಲ್ಲ.

ವಿರೋಧ: ಹೆದರಬೇಕಾದ್ದು ಯಂತ್ರಕ್ಕಲ್ಲ

ಶರಾವತಿಯ ವಿಷಯ ಬಂತಲ್ಲ, ಅದನ್ನೇ ನೋಡೋಣ. ಅಣೆ ಎಷ್ಟು ಎತ್ತರ, ಯಾರ ಜಮೀನು ಹೋಗಬೇಕು, ಯಾರಿಗೆ ಎಷ್ಟು ಪರಿಹಾರ ಅಂತ ತೀರ್ಮಾನಿಸಿದ್ದು ಮನುಷ್ಯರು. ಮುಳುಗಡೆ ಸಂತ್ರಸ್ತರು ದಶಕಗಳ ನಂತರವೂ ಹಕ್ಕುಪತ್ರಕ್ಕಾಗಿ ಅಲೆದದ್ದು ಮನುಷ್ಯರ ಕಚೇರಿಗಳಿಗೇ. ನೀರನ್ನು ಬೈದರೆ ಆ ಕಡತ ಮುಂದೆ ಹೋಗುತ್ತಿರಲಿಲ್ಲ.

ಯಂತ್ರಕ್ಕೆ ಮನಸ್ಸಿದೆ ಅಂತ ನಂಬಿಬಿಡುವುದು ನಮ್ಮ ಹಳೆಯ ಅಭ್ಯಾಸ. 1966ರಲ್ಲಿ ಕಂಪ್ಯೂಟರ್ ವಿಜ್ಞಾನಿ ಜೋಸೆಫ್ ವೈಜೆನ್‌ಬಾಮ್ 'ಎಲಿಜಾ' ಎಂಬ ಮಾತುಕತೆಯ ಪ್ರೋಗ್ರಾಂ ಪ್ರಕಟಿಸಿದರು. ನಾವು ಟೈಪ್ ಮಾಡಿದ್ದನ್ನೇ ತಿರುಗಿಸಿ ಪ್ರಶ್ನೆ ಕೇಳುತ್ತಿತ್ತು, ಅಷ್ಟೇ. ಜನ ಅದರ ಮುಂದೆ ಮನಸ್ಸು ಬಿಚ್ಚಿದರು. ಅದನ್ನು ಕಂಡು ವೈಜೆನ್‌ಬಾಮ್ ಅವರೇ ಗಾಬರಿಯಾದರು.

ಎಲೆಚುಕ್ಕಿ ಬಿದ್ದ ಅಡಿಕೆ ಗರಿಯ ಫೋಟೊ ಕಳಿಸಿದ ತೀರ್ಥಹಳ್ಳಿಯ ರೈತರೊಬ್ಬರಿಗೆ ಆ್ಯಪ್ ತಪ್ಪು ಔಷಧಿ ಹೇಳಿತು ಅಂದುಕೊಳ್ಳಿ. ಒಂದು ವರ್ಷದ ಫಸಲು ಹೋಯಿತು. ಹೊಣೆ ಯಾರದು? ಕಂಪನಿ 'ಯಂತ್ರ ಹೇಳಿತು' ಎನ್ನುತ್ತದೆ. ಯಂತ್ರಕ್ಕೆ ನಾಚಿಕೆಯೂ ಇಲ್ಲ, ಜೈಲೂ ಇಲ್ಲ. ನನಗೆ ಜಾಸ್ತಿ ಹೆದರಿಕೆ ಹುಟ್ಟಿಸುವುದು ಈ ಮಾತೇ. ವೀನರ್ ಹೇಳಿದ್ದನ್ನು ನಾನು ಒಪ್ಪುತ್ತೇನೆ. ಆದರೆ ಗುರಿ ಕೊಡುವವರು ಯಾರು ಅಂತ ಮೊದಲು ಕೇಳಬೇಕು. ಮನುಕುಲವೇ ಅಳಿದುಹೋಗುತ್ತದೆ ಎಂಬ ದೂರದ ಭಯ ಜೋರಾದಷ್ಟೂ ಈ ಪ್ರಶ್ನೆ ಹಿಂದೆ ಸರಿಯುತ್ತದೆ.

ಸಾಲ, ಪಡಿತರ, ಪಿಂಚಣಿಯ ಅರ್ಜಿಯನ್ನು ಯಂತ್ರದ ಮಾತು ಕೇಳಿ ತಿರಸ್ಕರಿಸಿದರೆ ಕಾರಣವನ್ನು ಕನ್ನಡದಲ್ಲಿ ಬರೆದುಕೊಡಬೇಕು. ಕೆಳಗೆ ಒಬ್ಬ ಅಧಿಕಾರಿಯ ಸಹಿ ಇರಬೇಕು. ಹೊಸನಗರದ ಅಜ್ಜಿಯೊಬ್ಬರು ಆ ಕಾಗದ ಹಿಡಿದು ಯಾರ ಮೇಜಿಗೆ ಹೋಗಬೇಕು ಅನ್ನುವುದೂ ಅದರಲ್ಲೇ ಇರಬೇಕು.